ಪಾಡ್‌ಕಾಸ್ಟ್ | ನೆಟ್‌ವರ್ಕ್‌ಗೆ ನೆರೆ ಬಂದಾಗ ‘ಬ್ಲಾಕ್’ ಒತ್ತಿದರೆ ಸಾಕಾ?

ಈ ಸಂಚಿಕೆ ಮುಖ್ಯವಾಗಿ ಸೈಬರ್ ಸೆಕ್ಯೂರಿಟಿ ಸರ್ಟಿಫಿಕೇಷನ್‌ಗೆ ಓದುತ್ತಿರುವವರಿಗೆ. ಬೇರೆಯವರೂ ಕೇಳಬಹುದು. ನೀವು ಬಳಸೋ ಆ್ಯಪ್ ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋದರೆ, ಅದರ ಹಿಂದೆ ಏನಾಗಿರಬಹುದು ಅನ್ನೋದು ಇದರಲ್ಲಿ ಗೊತ್ತಾಗುತ್ತೆ.

ಪರೀಕ್ಷೆಯಲ್ಲಿ ಬರೋ ರೀತಿಯ ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮ್ಮ ಕಂಪನಿಯ ವೆಬ್ ಸರ್ವರ್‌ಗೆ ಸಾವಿರಾರು ಐಪಿ ವಿಳಾಸಗಳಿಂದ ಸಿನ್ ಪ್ಯಾಕೆಟ್‌ಗಳು ಬರುತ್ತಿವೆ. ಯಾವುದೂ ಸಂಪರ್ಕವನ್ನು ಪೂರ್ತಿ ಮಾಡುತ್ತಿಲ್ಲ. ಗ್ರಾಹಕರಿಗೆ ಸೈಟ್ ತೆರೆಯುತ್ತಿಲ್ಲ. ಮೊದಲು ಏನು ಮಾಡ್ತೀರಿ? ಆಯ್ಕೆ ಒಂದು: ಆ ಐಪಿಗಳನ್ನೆಲ್ಲ ಬ್ಲಾಕ್ ಮಾಡುವುದು. ಎರಡು: ಸರ್ವರ್ ರೀಸ್ಟಾರ್ಟ್ ಮಾಡುವುದು. ಮೂರು: ಇಂಟರ್ನೆಟ್ ಸ್ಪೀಡ್ ಹೆಚ್ಚಿಸಿಕೊಳ್ಳುವುದು. ನಾಲ್ಕು: ಸಿನ್ ಕುಕೀಸ್ ಆನ್ ಮಾಡುವುದು.

ಹೆಚ್ಚಿನವರ ಬೆರಳು ಮೊದಲನೆಯದರ ಮೇಲೆ ಹೋಗುತ್ತೆ. ಕಿರಿಕಿರಿ ಮಾಡೋ ನಂಬರನ್ನು ಫೋನಲ್ಲಿ ಬ್ಲಾಕ್ ಮಾಡಿ ಅಭ್ಯಾಸ ಇದೆಯಲ್ಲ, ಅದೇ ತರ್ಕ ಇಲ್ಲೂ ನಡೆಯುತ್ತೆ ಅನ್ಕೋತೀವಿ. ಆದರೆ ಇಲ್ಲಿ ಸರಿಯುತ್ತರ ನಾಲ್ಕನೆಯದು. ಯಾಕೆ ಅನ್ನೋದು ಅರ್ಥವಾದರೆ ಫ್ಲಡ್ ದಾಳಿಗಳ ಅರ್ಧ ಅಧ್ಯಾಯ ಮುಗಿದ ಹಾಗೆ.

ಮೂರು ಬಗೆಯ ನೆರೆ

ಸೆಕ್ಯೂರಿಟಿ ಪ್ಲಸ್ ಪರೀಕ್ಷೆಯ ಎಸ್‌ವೈ0-701 ಆವೃತ್ತಿಯನ್ನೇ ತಗೊಳ್ಳಿ. ಗರಿಷ್ಠ 90 ಪ್ರಶ್ನೆ, 90 ನಿಮಿಷ. 100ರಿಂದ 900ರವರೆಗಿನ ಅಳತೆಯಲ್ಲಿ ಪಾಸಾಗಲು 750 ಬೇಕು. ಬೆದರಿಕೆಗಳು, ದೌರ್ಬಲ್ಯಗಳು ಮತ್ತು ಅವುಗಳ ಪರಿಹಾರ ಅನ್ನೋ ವಿಭಾಗಕ್ಕೇ ಶೇ 22ರಷ್ಟು ತೂಕ. ಡಿಡಾಸ್ ದಾಳಿ ಬರೋದು ಅಲ್ಲೇ.

ಓದುವಾಗ ಒಂದು ಹೆಸರಿನ ಪಟ್ಟಿ ಸಿಗುತ್ತೆ. ಸಿನ್ ಫ್ಲಡ್, ಯುಡಿಪಿ ಫ್ಲಡ್, ಐಸಿಎಂಪಿ ಫ್ಲಡ್, ಸ್ಮರ್ಫ್, ಆಂಪ್ಲಿಫಿಕೇಷನ್, ಎಚ್‌ಟಿಟಿಪಿ ಫ್ಲಡ್... ಇದನ್ನು ಮಗ್ಗಿ ಥರ ಬಾಯಿಪಾಠ ಮಾಡಿದರೆ ಸ್ವಲ್ಪ ಅಂಕ ಬರಬಹುದು. ಆದರೆ ಇಂಟರ್‌ವ್ಯೂನಲ್ಲಿ ‘ಸರ್ವರ್ ನಿಂತಿದೆ, ಈಗ ಏನು ಮಾಡ್ತೀಯ?’ ಅಂತ ಕೇಳಿದಾಗ ಪಟ್ಟಿ ಕೈ ಹಿಡಿಯಲ್ಲ. ಅಲ್ಲಿ ಬೇಕಾಗೋದು ಒಂದೇ ಪ್ರಶ್ನೆ: ಈ ದಾಳಿಯಿಂದ ಏನು ಖಾಲಿಯಾಗ್ತಿದೆ?

ಖಾಲಿಯಾಗೋದು ಮುಖ್ಯವಾಗಿ ಮೂರರಲ್ಲಿ ಒಂದು. ಸಂಪರ್ಕಗಳ ಲೆಕ್ಕ ಇಟ್ಟುಕೊಳ್ಳೋ ಜಾಗ, ಇಲ್ಲಾ ಡೇಟಾ ಬರೋ ದಾರಿ, ಇಲ್ಲಾ ಉತ್ತರ ತಯಾರಿಸೋ ಶಕ್ತಿ.

ಇದನ್ನು ನಮ್ಮ ಬಸ್ ಸ್ಟ್ಯಾಂಡ್‌ನಲ್ಲಿ ನಿಂತು ನೋಡೋಣ. ಬಸ್ ಬಂದ ತಕ್ಷಣ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋರು ಗೊತ್ತಲ್ಲ? ಒಬ್ಬ ಮನುಷ್ಯ ಐವತ್ತು ಟವೆಲ್ ತಂದು ಐವತ್ತು ಸೀಟಿಗೂ ಹಾಕಿ, ಬಸ್ಸನ್ನೇ ಹತ್ತದೆ ಹೊರಟುಹೋದರೆ? ಬಸ್ ಖಾಲಿ, ಆದರೆ ಸೀಟಿಲ್ಲ. ಇದು ಸಿನ್ ಫ್ಲಡ್. ಎರಡನೆಯದು, ಬಸ್ ಸ್ಟ್ಯಾಂಡಿಗೆ ಬರೋ ರಸ್ತೆಯೇ ಜಾಮ್. ಬಸ್ ಇದೆ, ಸೀಟಿದೆ, ಕಂಡಕ್ಟರ್ ಇದ್ದಾರೆ, ಪ್ರಯಾಣಿಕರೇ ಒಳಗೆ ಬರೋಕಾಗಲ್ಲ. ಇದು ಬ್ಯಾಂಡ್‌ವಿಡ್ತ್ ತುಂಬಿಸೋ ದಾಳಿ. ಮೂರನೆಯದು, ಹತ್ತಿದವರೆಲ್ಲ ಹತ್ತು ರೂಪಾಯಿ ಟಿಕೆಟ್ಟಿಗೆ ಐನೂರರ ನೋಟು ಕೊಟ್ಟು ಚಿಲ್ಲರೆ ಕೇಳ್ತಾರೆ. ಕಂಡಕ್ಟರ್ ಚಿಲ್ಲರೆ ಎಣಿಸುತ್ತಲೇ ಇರ್ತಾರೆ, ಬಸ್ ಹೊರಡಲ್ಲ. ಇದು ಎಚ್‌ಟಿಟಿಪಿ ಫ್ಲಡ್.

ಮೂರೂ ಕಡೆ ಫಲ ಒಂದೇ, ನೀವು ಊರಿಗೆ ಹೋಗಲ್ಲ. ಪರಿಹಾರ ಮಾತ್ರ ಮೂರೂ ಕಡೆ ಬೇರೆ ಬೇರೆ. ರಸ್ತೆ ಜಾಮ್ ಆಗಿದ್ದಾಗ ಸೀಟಿನ ಮೇಲಿನ ಟವೆಲ್ ತೆಗೆದು ಏನು ಪ್ರಯೋಜನ?

ಟವೆಲ್ ಹಾಕಿದವನು ಬರಲೇ ಇಲ್ಲ

ಮೊದಲನೆಯದನ್ನು ಸ್ವಲ್ಪ ಬಿಡಿಸಿ ನೋಡೋಣ. ಟಿಸಿಪಿಯಲ್ಲಿ ಎರಡು ಕಂಪ್ಯೂಟರ್ ಮಾತು ಶುರು ಮಾಡೋದಕ್ಕೆ ಮೂರು ಹೆಜ್ಜೆ. ನಿಮ್ಮ ಫೋನ್ ‘ಸಿನ್’ ಕಳಿಸುತ್ತೆ, ಅಂದ್ರೆ ಮಾತಾಡಬಹುದಾ ಅಂತ. ಸರ್ವರ್ ‘ಸಿನ್-ಆ್ಯಕ್’ ಕಳಿಸುತ್ತೆ, ಆಗಬಹುದು ಅಂತ. ನಿಮ್ಮ ಫೋನ್ ‘ಆ್ಯಕ್’ ಕಳಿಸುತ್ತೆ, ಸರಿ ಶುರು ಮಾಡೋಣ ಅಂತ. ಎರಡನೇ ಹೆಜ್ಜೆಗೂ ಮೂರನೇ ಹೆಜ್ಜೆಗೂ ಮಧ್ಯೆ ಸರ್ವರ್ ಈ ಅರ್ಧ ಸಂಪರ್ಕವನ್ನು ಒಂದು ಸಾಲಿನಲ್ಲಿ ನೆನಪಿಟ್ಟುಕೊಂಡು ಕಾಯುತ್ತೆ. ಆ ಸಾಲಿಗೆ ಒಂದು ಮಿತಿ ಇದೆ.

ಸರ್ವರ್ ಎಷ್ಟು ಹೊತ್ತು ಕಾಯುತ್ತೆ? ಲಿನಕ್ಸ್‌ನ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಸಿನ್-ಆ್ಯಕ್ ಅನ್ನು ಐದು ಸಲ ಮತ್ತೆ ಕಳಿಸಿ ನೋಡಿ, ಸುಮಾರು 63 ಸೆಕೆಂಡ್ ಆದ ಮೇಲೆ ಕೈಬಿಡುತ್ತೆ. ಈಗ ಒಂದು ಸರಳ ಲೆಕ್ಕ. ಸಾಲಿನಲ್ಲಿ 256 ಜಾಗ ಇದೆ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ ಬರೀ ಐದು ಸುಳ್ಳು ಸಿನ್ ಬಂದರೂ 63 ಸೆಕೆಂಡಿನಲ್ಲಿ 315 ಆಯ್ತು. ಸಾಲು ಭರ್ತಿ. ಯಾವ ರಕ್ಷಣೆಯೂ ಇಲ್ಲದಿದ್ದರೆ ಹಳೇ ಮೊಬೈಲ್‌ನ ನಿಧಾನದ ಡೇಟಾದಲ್ಲೂ ಇದು ಸಾಧ್ಯ. ದೊಡ್ಡ ಸರ್ವರನ್ನು ಬೀಳಿಸೋಕೆ ದೊಡ್ಡ ಸೈನ್ಯ ಬೇಕಿರಲಿಲ್ಲ.

1996ರ ಸೆಪ್ಟೆಂಬರ್ 6ರಂದು ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಸೇವಾ ಸಂಸ್ಥೆಗೆ ಆಗಿದ್ದು ಇದೇ. ದಿನಗಟ್ಟಲೆ ಅವರ ಸೇವೆ ಅಸ್ತವ್ಯಸ್ತವಾಯ್ತು. ದಾಳಿಯ ವಿಧಾನ ಅಷ್ಟರಲ್ಲಾಗಲೇ ಹ್ಯಾಕರ್ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಅದೇ ತಿಂಗಳ 19ಕ್ಕೆ ಅಮೆರಿಕದ ಸಿಇಆರ್‌ಟಿ ಸಂಸ್ಥೆ ಸಿನ್ ಫ್ಲಡ್ ಬಗ್ಗೆ ಎಚ್ಚರಿಕೆ ಹೊರಡಿಸಿತು.

ಆಗ ಐಪಿ ಬ್ಲಾಕ್ ಮಾಡಿದ್ದರೆ ಆಗ್ತಿರಲಿಲ್ವಾ? ಇಲ್ಲ. ಪ್ಯಾಕೆಟ್ ಮೇಲಿನ ‘ಇಂದ’ ವಿಳಾಸ ಪತ್ರದ ಹಿಂದೆ ಬರೆಯೋ ವಿಳಾಸದ ಹಾಗೆ. ಕಳಿಸುವವನು ಯಾರ ವಿಳಾಸ ಬೇಕಾದರೂ ಬರೆಯಬಹುದು. ಇದಕ್ಕೇ ಸ್ಪೂಫಿಂಗ್ ಅನ್ನೋದು. ಪ್ರತಿ ಪ್ಯಾಕೆಟ್‌ನಲ್ಲೂ ಹೊಸ ಸುಳ್ಳು ವಿಳಾಸ ಇರೋದ್ರಿಂದ ನೀವು ಬ್ಲಾಕ್ ಮಾಡೋದು ದಾಳಿಕೋರನನ್ನಲ್ಲ, ಆ ವಿಳಾಸದ ನಿಜವಾದ ಮಾಲೀಕನನ್ನು. ಅವನು ನಿಮ್ಮ ಗ್ರಾಹಕನೂ ಆಗಿರಬಹುದು. ದಾಳಿ ನಿಲ್ಲಲ್ಲ, ಗ್ರಾಹಕ ಹೋದ.

ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞ ಅದೇ 1996ರ ಸೆಪ್ಟೆಂಬರ್‌ನಲ್ಲಿ ಮುಂದಿಟ್ಟ ಉಪಾಯ ಸಿನ್ ಕುಕೀಸ್. ಬಸ್ಸಿನ ಭಾಷೆಯಲ್ಲಿ ಹೇಳೋದಾದ್ರೆ ಕಂಡಕ್ಟರ್ ನಿಯಮ ಬದಲಿಸಿದರು: ‘ಟವೆಲ್‌ಗೆ ಸೀಟಿಲ್ಲ. ನಾನೊಂದು ಚೀಟಿ ಕಳಿಸ್ತೀನಿ. ಆ ಚೀಟಿ ಹಿಡ್ಕೊಂಡು ಬಾಗಿಲಿಂದ ಹತ್ತಿ ಬಂದವರಿಗೆ ಸೀಟು.’ ಚೀಟಿಯಲ್ಲಿ ಕಂಡಕ್ಟರ್‌ಗೆ ಮಾತ್ರ ಗೊತ್ತಿರುವ ಗುರುತಿರುತ್ತೆ. ಯಾರಿಗೆ ಕೊಟ್ಟೆ ಅಂತ ಅವರು ಬರೆದಿಟ್ಟುಕೊಳ್ಳಬೇಕಾಗಿಲ್ಲ, ಚೀಟಿ ವಾಪಸ್ ಬಂದಾಗ ಗುರುತು ನೋಡಿದರೆ ಸಾಕು.

ತಾಂತ್ರಿಕವಾಗಿ ಆ ಚೀಟಿ ಅಂದ್ರೆ ಸಿನ್-ಆ್ಯಕ್‌ನಲ್ಲಿರೋ 32 ಬಿಟ್‌ನ ಸೀಕ್ವೆನ್ಸ್ ನಂಬರ್. ಸರ್ವರ್ ಅದರೊಳಗೇ ಸಮಯದ ಗುರುತು, ಪ್ಯಾಕೆಟ್ ಗಾತ್ರದ ಸುಳಿವು ಮತ್ತು ಗುಟ್ಟಿನ ಕೀ ಬಳಸಿ ಮಾಡಿದ ಹ್ಯಾಶನ್ನು ತುಂಬಿ ಕಳಿಸುತ್ತೆ. ನಿಜವಾದ ಗ್ರಾಹಕನಾದರೆ ಆ ನಂಬರಿಗೆ ಒಂದು ಸೇರಿಸಿ ವಾಪಸ್ ಕಳಿಸ್ತಾನೆ. ಸುಳ್ಳು ವಿಳಾಸ ಬರೆದವನಿಗೆ ಚೀಟಿ ತಲುಪೋದೇ ಇಲ್ಲ.

ಇದಕ್ಕೂ ಒಂದು ಬೆಲೆ ಇದೆ. 32 ಬಿಟ್‌ನಲ್ಲಿ ಎಲ್ಲಾ ಮಾಹಿತಿ ಹಿಡಿಸಲ್ಲವಾದ್ದರಿಂದ ಕೆಲವು ಟಿಸಿಪಿ ಸೌಲಭ್ಯಗಳು ತಪ್ಪಬಹುದು. ಅದಕ್ಕೇ ಲಿನಕ್ಸ್‌ನಲ್ಲಿ ಈ ಸೆಟ್ಟಿಂಗ್‌ನ ಬೆಲೆ 1 ಇದ್ದರೆ ಸಾಲು ತುಂಬಿದಾಗ ಮಾತ್ರ ಕುಕೀಸ್ ಶುರುವಾಗುತ್ತೆ. 0 ಅಂದ್ರೆ ಆಫ್, 2 ಅಂದ್ರೆ ಯಾವಾಗಲೂ ಆನ್. ಪರೀಕ್ಷೆಗೂ ಕೆಲಸಕ್ಕೂ ನೆನಪಿಟ್ಟುಕೊಳ್ಳಬೇಕಾದ್ದು ಇಷ್ಟು: ಸಿನ್ ಕುಕೀಸ್ ಯಾರನ್ನೂ ಬ್ಲಾಕ್ ಮಾಡಲ್ಲ. ದಾಳಿಗೆ ಬೇಕಾಗಿದ್ದ ಜಾಗವನ್ನೇ ಇಲ್ಲದಂತೆ ಮಾಡುತ್ತೆ.

ರಸ್ತೆಯೇ ತುಂಬಿದಾಗ

ಈಗ ಎರಡನೇ ಬಗೆ. ನಿಮ್ಮ ಸರ್ವರ್‌ಗೆ ಇರೋದು 1 ಗಿಗಾಬಿಟ್‌ನ ಸಂಪರ್ಕ. ದಾಳಿ ಬರ್ತಿರೋದು 10 ಗಿಗಾಬಿಟ್ ವೇಗದಲ್ಲಿ. ನಿಮ್ಮ ಫೈರ್‌ವಾಲ್ ಎಷ್ಟೇ ಒಳ್ಳೇದಿರಲಿ, ಬಂದ ಪ್ರತಿಯೊಂದು ಕೆಟ್ಟ ಪ್ಯಾಕೆಟನ್ನೂ ಬಿಸಾಕಲಿ, ಒಳ್ಳೇ ಪ್ಯಾಕೆಟ್‌ಗೆ ಫೈರ್‌ವಾಲ್‌ವರೆಗೆ ಬರೋಕೆ ಜಾಗವೇ ಇಲ್ಲ. ಮನೆ ಬಾಗಿಲಲ್ಲಿ ನಿಂತು ರಸ್ತೆಯ ಜಾಮ್ ಬಿಡಿಸೋಕಾಗಲ್ಲ, ಹಿಂದಿನ ಸರ್ಕಲ್‌ನಲ್ಲೇ ಟ್ರಾಫಿಕ್ ತಿರುಗಿಸಬೇಕು. ಅಂದ್ರೆ ತಡೆ ನಿಮ್ಮ ಇಂಟರ್ನೆಟ್ ಸೇವಾದಾತನ ಬಳಿ, ಅಥವಾ ಅದಕ್ಕೂ ಮೇಲೆ ಆಗಬೇಕು.

ಇಷ್ಟೊಂದು ಡೇಟಾ ದಾಳಿಕೋರನಿಗೆ ಎಲ್ಲಿಂದ ಬರುತ್ತೆ? ಒಂದು ದಾರಿ ಆಂಪ್ಲಿಫಿಕೇಷನ್. ಯಾರೋ ಕಿಡಿಗೇಡಿ ನಿಮ್ಮ ಮನೆ ವಿಳಾಸ ಕೊಟ್ಟು ಊರಿನ ನೂರು ಹೋಟೆಲ್‌ಗೆ ಫೋನ್ ಮಾಡಿ ‘ಐವತ್ತು ಊಟ ಕಳಿಸಿ’ ಅಂದ ಅಂತಿಟ್ಟುಕೊಳ್ಳಿ. ಅವನಿಗೆ ಖರ್ಚಾಗಿದ್ದು ಒಂದೊಂದು ಫೋನ್ ಕಾಲ್. ನಿಮ್ಮ ಬಾಗಿಲಿಗೆ ಬಂದಿದ್ದು ಐದು ಸಾವಿರ ಊಟ. ಕಳಿಸಿದ ಹೋಟೆಲಿನವರದ್ದೇನೂ ದುರುದ್ದೇಶ ಇಲ್ಲ. ನೆಟ್‌ವರ್ಕ್‌ನಲ್ಲಿ ಹೋಟೆಲ್‌ಗಳ ಜಾಗದಲ್ಲಿರೋದು ಯಾರಿಗೆ ಬೇಕಾದರೂ ಉತ್ತರ ಕೊಡುವಂತೆ ತೆರೆದಿಟ್ಟ ಡಿಎನ್‌ಎಸ್, ಎನ್‌ಟಿಪಿ ಸರ್ವರ್‌ಗಳು. ಯುಡಿಪಿಯಲ್ಲಿ ಮೂರು ಹೆಜ್ಜೆಯ ಪರಿಚಯ ಇಲ್ಲದಿರೋದ್ರಿಂದ ಸುಳ್ಳು ವಿಳಾಸ ಅಲ್ಲಿ ಸಲೀಸಾಗಿ ನಡೆಯುತ್ತೆ.

2018ರ ಫೆಬ್ರುವರಿ 28ರಂದು ಗಿಟ್‌ಹಬ್ ಮೇಲೆ ಆದ ದಾಳಿ ಇದೇ ಜಾತಿಯದ್ದು. ಮೆಮ್‌ಕ್ಯಾಶ್‌ಡ್ ಅನ್ನೋ ಸಾಫ್ಟ್‌ವೇರ್ ಇದ್ದ ಸರ್ವರ್‌ಗಳು ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದವು. ಒಂದು ಬೈಟ್ ಕಳಿಸಿದರೆ 51,000 ಬೈಟ್‌ವರೆಗೆ ಉತ್ತರ ಬರೋಷ್ಟು ಹಿಗ್ಗುವಿಕೆ. ದಾಳಿ ಸೆಕೆಂಡಿಗೆ 1.35 ಟೆರಾಬಿಟ್‌ಗೆ ಏರಿತು. ನಮ್ಮ ಸಮಯ ರಾತ್ರಿ 10.51ಕ್ಕೆ ಗಿಟ್‌ಹಬ್ ಬಿತ್ತು, ಐದು ನಿಮಿಷದಲ್ಲಿ ಮೇಲೇಳೋಕೆ ಶುರುವಾಗಿ, 11 ಗಂಟೆ ಹೊತ್ತಿಗೆ ಬಹುತೇಕ ಸರಿಹೋಯ್ತು.

ಅಷ್ಟು ಬೇಗ ಹೇಗೆ? ಅವರು ಐಪಿಗಳನ್ನು ಒಂದೊಂದಾಗಿ ಬ್ಲಾಕ್ ಮಾಡುತ್ತಾ ಕೂರಲಿಲ್ಲ. ತಮ್ಮ ಕಡೆ ಬರೋ ಟ್ರಾಫಿಕ್ಕನ್ನು ಬಿಜಿಪಿ ಮೂಲಕ ಅಕಮೈ ಕಂಪನಿಯ ದೊಡ್ಡ ನೆಟ್‌ವರ್ಕ್‌ಗೆ ತಿರುಗಿಸಿದರು. ಅಲ್ಲಿ ಕೊಳೆ ಸೋಸಿ, ಒಳ್ಳೇ ಟ್ರಾಫಿಕ್ ಮಾತ್ರ ಮುಂದೆ ಬಂತು. ಪರೀಕ್ಷೆಯ ಭಾಷೆಯಲ್ಲಿ ಇದು ಸ್ಕ್ರಬ್ಬಿಂಗ್. ಈ ದಾರಿ ಮೊದಲೇ ಸಿದ್ಧವಿದ್ದರೆ ಮಾತ್ರ ಐದು–ಹತ್ತು ನಿಮಿಷದಲ್ಲಿ ಕೆಲಸ ಆಗುತ್ತೆ. ದಾಳಿ ಶುರುವಾದ ಮೇಲೆ ಸೇವಾದಾತನ ಫೋನ್ ನಂಬರ್ ಹುಡುಕೋಕೆ ಕೂತರೆ ಆಗಲ್ಲ.

ಬ್ಲ್ಯಾಕ್‌ಹೋಲಿಂಗ್ ಅನ್ನೋ ಪದವೂ ಸಿಗುತ್ತೆ. ದಾಳಿಗೆ ಒಳಗಾದ ಐಪಿಗೆ ಬರೋ ಎಲ್ಲ ಟ್ರಾಫಿಕ್ಕನ್ನೂ, ಒಳ್ಳೇದು ಕೆಟ್ಟದ್ದು ನೋಡದೆ, ಸೇವಾದಾತ ಎಸೆದುಬಿಡುವುದು. ಅಲ್ಲಿಗೆ ದಾಳಿಕೋರನ ಆಸೆ ನೆರವೇರಿದ ಹಾಗೇ, ನಿಮ್ಮ ಸೈಟ್ ಬಂದ್. ಆದರೆ ಅದೇ ಲೈನಿನಲ್ಲಿರೋ ಉಳಿದ ಹತ್ತಾರು ಗ್ರಾಹಕರು ಉಳ್ಕೋತಾರೆ. ಇದು ಬೇರೆ ದಾರಿ ಇಲ್ಲದಿದ್ದಾಗ ತಗೊಳ್ಳೋ ತೀರ್ಮಾನ ಅನ್ನೋದು ಗೊತ್ತಿರಲಿ.

ಮೂಲದಲ್ಲೇ ತಡೆಯೋಕಾಗಲ್ವಾ? ಆಗುತ್ತೆ. 2000ದ ಮೇ ತಿಂಗಳಲ್ಲಿ ಬಂದ ಬಿಸಿಪಿ 38 ಎಂಬ ಶಿಫಾರಸು ಹೇಳೋದು ಇದನ್ನೇ: ಪ್ರತಿ ಸೇವಾದಾತ ತನ್ನ ಗ್ರಾಹಕರಿಂದ ಹೊರಡೋ ಪ್ಯಾಕೆಟ್‌ನ ‘ಇಂದ’ ವಿಳಾಸ ಆ ಗ್ರಾಹಕನದ್ದೇನಾ ಅಂತ ನೋಡಿ ಬಿಡಬೇಕು. ಎಲ್ಲರೂ ಪಾಲಿಸಿದರೆ ಸುಳ್ಳು ವಿಳಾಸದ ದಾಳಿಗೆ ದಾರಿಯೇ ಇರಲ್ಲ. ಆದರೆ ಇಲ್ಲಿ ಖರ್ಚು ಒಬ್ಬರದ್ದು, ಲಾಭ ಇನ್ನೊಬ್ಬರದ್ದು. ಹಾಗಾಗಿ ಇಂದಿಗೂ ಎಲ್ಲರೂ ಪಾಲಿಸ್ತಿಲ್ಲ.

ಚಿಲ್ಲರೆ ಕೇಳೋ ಪ್ರಯಾಣಿಕರು

ಮೂರನೇ ಬಗೆ ಹೆಚ್ಚು ಸೂಕ್ಷ್ಮ. ಇಲ್ಲಿ ವಿಳಾಸ ಸುಳ್ಳಲ್ಲ, ಮೂರೂ ಹೆಜ್ಜೆ ಪೂರ್ತಿಯಾಗಿದೆ, ಕೇಳ್ತಿರೋದೂ ಮಾಮೂಲಿ ಪುಟವನ್ನೇ. ಆದರೆ ಮತ್ತೆ ಮತ್ತೆ, ಸರ್ವರ್‌ಗೆ ಹೆಚ್ಚು ಕೆಲಸ ಕೊಡೋ ಪುಟವನ್ನೇ ಕೇಳ್ತಾರೆ. 2023ರ ಆಗಸ್ಟ್‌ನಲ್ಲಿ ಶುರುವಾದ ‘ರ‍್ಯಾಪಿಡ್ ರೀಸೆಟ್’ ದಾಳಿಯಲ್ಲಿ ಎಚ್‌ಟಿಟಿಪಿ/2ರ ಒಂದು ಸೌಲಭ್ಯವನ್ನೇ ದುರುಪಯೋಗ ಮಾಡ್ಕೊಂಡರು. ಕೇಳೋದು, ತಕ್ಷಣ ಬೇಡ ಅನ್ನೋದು, ಮತ್ತೆ ಕೇಳೋದು. ಸರ್ವರ್ ಮಾತ್ರ ಪ್ರತಿ ಸಲವೂ ಕೆಲಸ ಶುರು ಮಾಡಿರುತ್ತೆ. ಗೂಗಲ್ ಎದುರಿಸಿದ ದಾಳಿಯಲ್ಲಿ ಸೆಕೆಂಡಿಗೆ 39.8 ಕೋಟಿ ಕೋರಿಕೆಗಳು ಬಂದಿದ್ದವು.

ಇಲ್ಲಿ ರೇಟ್ ಲಿಮಿಟಿಂಗ್ ಉಪಯೋಗಕ್ಕೆ ಬರುತ್ತೆ, ಅಂದ್ರೆ ಒಬ್ಬರಿಂದ ಇಷ್ಟು ಹೊತ್ತಿಗೆ ಇಷ್ಟೇ ಕೋರಿಕೆ ಅನ್ನೋ ಮಿತಿ. ಜೊತೆಗೆ ಕ್ಯಾಶಿಂಗ್, ವೆಬ್ ಅಪ್ಲಿಕೇಷನ್ ಫೈರ್‌ವಾಲ್, ಕ್ಯಾಪ್ಚಾ. ಸರಿ, ಇಲ್ಲಾದ್ರೂ ಐಪಿ ನೋಡಿ ಬ್ಲಾಕ್ ಮಾಡಬಹುದಾ? ಮಾಡಬಹುದು, ಆದರೆ ಒಂದು ವಿಷಯ ಗಮನದಲ್ಲಿರಲಿ. ನಿಮ್ಮ ಮೊಬೈಲ್ ಡೇಟಾ ಬರೋದು ಸಾಮಾನ್ಯವಾಗಿ ಸಿಜಿ-ನ್ಯಾಟ್ ಮೂಲಕ. ಒಂದೇ ಸಾರ್ವಜನಿಕ ಐಪಿವಿ4 ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಂಡಿರ್ತಾರೆ. ಅದರಲ್ಲಿ ಒಂದು ಫೋನ್‌ಗೆ ಮಾಲ್‌ವೇರ್ ತಗುಲಿದೆ ಅಂತ ಆ ಐಪಿ ಮುಚ್ಚಿದರೆ, ಏನೂ ಅರಿಯದ ಉಳಿದವರೆಲ್ಲ ಹೊರಗೆ ನಿಲ್ತಾರೆ.

ಇನ್ನೂ ಒಂದು ಸಂದರ್ಭ ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಲಕ್ಷಾಂತರ ಮಂದಿ ಒಂದೇ ಹೊತ್ತಿಗೆ ಒಂದೇ ಪುಟ ತೆರೀತಾರೆ, ಬರದಿದ್ದರೆ ರಿಫ್ರೆಶ್ ಒತ್ತುತ್ತಲೇ ಇರ್ತಾರೆ. ಗ್ರಾಫ್ ಮೇಲೆ ಇದು ದಾಳಿಯಂತೆಯೇ ಕಾಣುತ್ತೆ. ಆದರೆ ದಾಳಿಯಲ್ಲ, ಮಕ್ಕಳ ಆತಂಕ. ಇದಕ್ಕೆ ಪರಿಹಾರ ಹೆಚ್ಚಿನ ಸಾಮರ್ಥ್ಯ ಮತ್ತು ಕ್ಯಾಶಿಂಗ್, ಬ್ಲಾಕ್ ಅಲ್ಲ. ನೋಡದೆ ಬ್ಲಾಕ್ ಒತ್ತೋ ಕೈ ಇಂಥ ದಿನ ಅಂಕ ನೋಡಲು ಬಂದ ಮಕ್ಕಳನ್ನೇ ಹೊರಗಿಡುತ್ತೆ.

ಅಭ್ಯಾಸ ಎಲ್ಲಿ ಮಾಡಬೇಕು, ಎಲ್ಲಿ ಕೂಡದು

ಓದಿದ್ದನ್ನು ಮಾಡಿ ನೋಡಬೇಕು ಅನ್ನಿಸೋದು ಸಹಜ. ಮಾಡಿ, ಆದರೆ ನಿಮ್ಮ ಲ್ಯಾಪ್‌ಟಾಪ್ ಒಳಗೇ. ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಲಿನಕ್ಸ್ ಯಂತ್ರಗಳನ್ನು ಹಾಕಿ, ನೆಟ್‌ವರ್ಕನ್ನು ‘ಹೋಸ್ಟ್-ಓನ್ಲಿ’ ಮಾಡಿ. ಹೊರಗೆ ಒಂದು ಪ್ಯಾಕೆಟ್ಟೂ ಹೋಗಬಾರದು. ವೈರ್‌ಶಾರ್ಕ್‌ನಲ್ಲಿ ಮೊದಲು ಆರೋಗ್ಯವಂತ ಸಂಪರ್ಕದ ಮೂರು ಹೆಜ್ಜೆ ನೋಡಿ. ಆಮೇಲೆ ಪರೀಕ್ಷಾ ಪ್ಯಾಕೆಟ್ ಕಳಿಸಿ, ‘ಸಿನ್-ರಿಸೀವ್ಡ್’ ಸ್ಥಿತಿಯಲ್ಲಿ ಎಷ್ಟು ಸಂಪರ್ಕ ನಿಂತಿವೆ ಅಂತ ಎಣಿಸಿ. ಕುಕೀಸ್ ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ. ಎರಡೂ ಸಲ ಸೈಟ್ ತೆರೆಯುತ್ತಾ ಅಂತ ನೋಡಿ ಬರೆದಿಟ್ಟುಕೊಳ್ಳಿ. ಆ ಒಂದು ಪುಟದ ಟಿಪ್ಪಣಿ ಇಂಟರ್‌ವ್ಯೂನಲ್ಲಿ ನೂರು ಬಾಯಿಪಾಠಕ್ಕೆ ಸಮ.

ಕಾಲೇಜಿನ ವೈಫೈ, ಗೆಳೆಯನ ಗೇಮ್ ಸರ್ವರ್, ಬಾಡಿಗೆಗೆ ಪಡೆದ ಕ್ಲೌಡ್ ಸರ್ವರ್ ಇವುಗಳ ಮೇಲೆ ಬೇಡವೇ ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಸೆಕ್ಷನ್ 43ರಲ್ಲಿ, ಅನುಮತಿ ಇಲ್ಲದೆ ಬೇರೆಯವರಿಗೆ ಕಂಪ್ಯೂಟರ್ ಸಿಗದಂತೆ ಮಾಡುವುದೂ ಸೇರಿದೆ. ಅಪ್ರಾಮಾಣಿಕವಾಗಿ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ ಸೆಕ್ಷನ್ 66ರ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ತಮಾಷೆಗೆ ಮಾಡಿದೆ’ ಅಂದ್ರೂ ಪೊಲೀಸ್ ದೂರು ತಪ್ಪುತ್ತೆ ಅಂತ ಖಾತ್ರಿಯಿಲ್ಲ. ದುಡ್ಡು ಕೊಟ್ಟರೆ ದಾಳಿ ಮಾಡಿಕೊಡೋ ‘ಸ್ಟ್ರೆಸರ್’ ಸೈಟ್‌ಗಳಿಂದಲೂ ದೂರ ಇರಿ. ಅಂಥ ವೆಬ್‌ಸ್ಟ್ರೆಸರ್ ಎಂಬ ಸೈಟನ್ನು 2018ರ ಏಪ್ರಿಲ್‌ನಲ್ಲಿ ಯುರೋಪಿನ ಪೊಲೀಸರು ಮುಚ್ಚಿಸಿದಾಗ ಅದರಲ್ಲಿ 1,36,000ಕ್ಕೂ ಹೆಚ್ಚು ಬಳಕೆದಾರರು ನೋಂದಾಯಿಸಿಕೊಂಡಿದ್ದರು. ನಡೆಸಿದವರಷ್ಟೇ ಅಲ್ಲ, ಬಳಸಿದವರ ಮೇಲೂ ಹಲವು ದೇಶಗಳಲ್ಲಿ ಕ್ರಮ ಆಯ್ತು.

2016ರ ಮಿರಾಯ್ ಕಥೆ ಇಲ್ಲಿ ಹೇಳಲೇಬೇಕು. ಅದನ್ನು ಬರೆದವರು ಇಪ್ಪತ್ತರ ಆಸುಪಾಸಿನ ಮೂವರು ಅಮೆರಿಕದ ಹುಡುಗರು. ಮೈನ್‌ಕ್ರಾಫ್ಟ್ ಗೇಮ್ ಸರ್ವರ್‌ಗಳ ನಡುವಿನ ವ್ಯಾಪಾರದ ಪೈಪೋಟಿ ಅದಕ್ಕೊಂದು ಕಾರಣವಾಗಿತ್ತು. 2017ರ ಡಿಸೆಂಬರ್‌ನಲ್ಲಿ ಮೂವರೂ ತಪ್ಪೊಪ್ಪಿಕೊಂಡರು. ಆದರೆ ಅಷ್ಟರಲ್ಲಿ ಕೋಡ್ ಇಂಟರ್ನೆಟ್‌ನಲ್ಲಿ ಹರಡಿ, 2016ರ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ದಾಳಿಯಾಗಿ ಟ್ವಿಟರ್, ನೆಟ್‌ಫ್ಲಿಕ್ಸ್ ಅಂಥ ಸೈಟ್‌ಗಳು ಎಷ್ಟೋ ಜನರಿಗೆ ಸಿಗದಂತಾಗಿದ್ದವು. ಆ ಸೈನ್ಯದಲ್ಲಿ ಇದ್ದದ್ದು ಮನೆಗಳ ಸಿಸಿಟಿವಿ ಕ್ಯಾಮೆರಾ, ಡಿವಿಆರ್, ರೌಟರ್‌ಗಳು. ಒಳನುಗ್ಗಿದ ದಾರಿ, ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸದೇ ಇದ್ದದ್ದು. ನೀವು ಯಾವ ಪರೀಕ್ಷೆಗೂ ಓದ್ತಿಲ್ಲ ಅಂದ್ರೂ, ಇವತ್ತು ಮನೆಗೆ ಹೋಗಿ ರೌಟರ್ ಮತ್ತು ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿ. ನೀವು ಮಾಡಬಹುದಾದ ಡಿಡಾಸ್ ತಡೆ ಅದು.

ಕೆಲಸಕ್ಕೆ ಸೇರಿದ ಮೇಲೆ ಬೇಕಾಗೋ ಇನ್ನೊಂದು ಮಾತು. 2022ರ ಏಪ್ರಿಲ್ 28ರ ಸಿಇಆರ್‌ಟಿ-ಇನ್ ನಿರ್ದೇಶನದ ಪ್ರಕಾರ ಭಾರತದ ಸಂಸ್ಥೆಗಳು ಡಿಡಾಸ್ ಸೇರಿದಂತೆ ಪಟ್ಟಿಯಲ್ಲಿರೋ ಸೈಬರ್ ಘಟನೆಗಳನ್ನು, ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು ಜೋಪಾನವಾಗಿಡೋದು, ಯಾವಾಗ ಏನು ಮಾಡಿದಿರಿ ಅಂತ ಬರೆದಿಡೋದು ಅದಕ್ಕೇ ಮುಖ್ಯ.

ಹಾಗಾದ್ರೆ ಪರೀಕ್ಷೆಯಲ್ಲಿ ಫ್ಲಡ್ ಅನ್ನೋ ಪದ ಕಂಡಾಗ ಉತ್ತರದ ಆಯ್ಕೆಗಳನ್ನು ಓದೋಕೆ ಮೊದಲು ಮೂರು ಪ್ರಶ್ನೆ ಕೇಳ್ಕೊಳ್ಳಿ. ಖಾಲಿಯಾಗ್ತಿರೋದು ಯಾವುದು: ಸೀಟಾ, ರಸ್ತೆಯಾ, ಕಂಡಕ್ಟರ್ ಸಮಯವಾ? ಬಂದಿರೋ ವಿಳಾಸ ನಿಜವಾ, ಸುಳ್ಳಾ? ತಡೆ ಎಲ್ಲಿ ಇಟ್ಟರೆ ಕೆಲಸ ಮಾಡುತ್ತೆ: ಸರ್ವರ್‌ನಲ್ಲಾ, ಅದರ ಮುಂದಾ, ಸೇವಾದಾತನ ಬಳಿಯಾ? ಈ ಮೂರಕ್ಕೆ ಉತ್ತರ ಸಿಕ್ಕರೆ ನಾಲ್ಕು ಆಯ್ಕೆಯಲ್ಲಿ ಎರಡು ತಾವಾಗೇ ಬಿದ್ದುಹೋಗುತ್ತೆ. ಕೆಲಸದ ಜಾಗದಲ್ಲಿ ರಾತ್ರಿ ಎರಡು ಗಂಟೆಗೆ ಅಲಾರಂ ಹೊಡೆದಾಗಲೂ ಕೇಳಬೇಕಾದ್ದು ಇವೇ ಮೂರು.

ಪರೀಕ್ಷೆಗೆ ಕೂರುತ್ತಿರುವ ಎಲ್ಲರಿಗೂ ಶುಭವಾಗಲಿ. ಓದುವಾಗ ಎಲ್ಲಿ ತೊಡಕಾಯ್ತು ಅಂತ ನಮಗೆ ಬರೆದು ಕಳಿಸಿ, ಮುಂದಿನ ಸಂಚಿಕೆಗಳಲ್ಲಿ ಮಾತಾಡೋಣ. ಗೆಳೆಯರ ಗುಂಪಿಗೆ ಈ ಸಂಚಿಕೆಯನ್ನು ಹಂಚಿ.